ಬಾದಾಮಿ ಅಲ್ಲಿಂದಲೇ ಬರುತ್ತೆ, ಬೇಟಾ

ವರಮಹಾಲಕ್ಷ್ಮಿ ಹಬ್ಬಕ್ಕೆ ಎರಡು ದಿನ ಇರುವಾಗ ಅಮ್ಮನ ಜೊತೆ ರಸೆಲ್ ಮಾರ್ಕೆಟ್ಟಿಗೆ ಹೋದ್ರೆ ಏನಾಗುತ್ತೆ ಅಂತ ನಿಮ್ಮಲ್ಲಿ ಅರ್ಧ ಜನಕ್ಕೆ ಗೊತ್ತಿರುತ್ತೆ. ಹಲಸೂರಿಂದ ಬಸ್ಸು ಹತ್ತಿ ಶಿವಾಜಿನಗರ ಸ್ಟ್ಯಾಂಡಲ್ಲಿ ಇಳಿದು, ಬೆಸಿಲಿಕಾ ಪಕ್ಕದಿಂದ ನಡೆದು, ಹೂವಿನ ಸಾಲಿಗೆ ಬರೋ ಹೊತ್ತಿಗೆ ಶರ್ಟು ಬೆನ್ನಿಗೆ ಅಂಟಿರುತ್ತೆ. ಮಲ್ಲಿಗೆ ಮೊಳಕ್ಕೆ ಎಷ್ಟು ಅಂತ ಕೇಳಿದ ಅಮ್ಮ, ಉತ್ತರ ಕೇಳಿ, ಮಾರೋವರ ಮುಖಾನೇ ಒಂದು ನಿಮಿಷ ನೋಡ್ತಾರೆ. ಈ ಸಲ ಅಮ್ಮನ ಎಡಗೈ ಪ್ಲಾಸ್ಟರಿನಲ್ಲಿತ್ತು. ಆದ್ರೂ ಚೌಕಾಸಿ ಬಲಗೈಯಲ್ಲೇ ಸರಾಗವಾಗಿ ನಡೀತು.

ಆದರೆ ನಾವು ಹೋಗಿದ್ದು ಹೂವಿಗಲ್ಲ. ಮುಂದಿನ ಗುರುವಾರ ನಾನು ಸಿಡ್ನಿಗೆ ಹೊರಡ್ತಿದ್ದೀನಿ. ಮೊದಲ ಸಲ, ಬರೀ ಏಳು ರಾತ್ರಿಗೆ. ಅಮ್ಮನ ಕೈಯಲ್ಲಿ ಒಂದು ಚೀಟಿ ಇತ್ತು, ನನ್ನ ಫೋನಿನಲ್ಲಿ ಇನ್ನೊಂದು. ಎರಡಕ್ಕೂ ಒಂದಕ್ಕೊಂದು ಸಂಬಂಧವೇ ಇರಲಿಲ್ಲ. ಆ ಎರಡು ಪಟ್ಟಿ ಒಂದಾದ ಕಥೆ ಈ ಸಲದ್ದು.

ನನ್ನ ಪಟ್ಟಿ ಮೊದಲು ಹೇಳ್ತೀನಿ, ನಿಮ್ಮದೂ ಹೀಗೇ ಇರುತ್ತೆ. ಒಂದು ಶೀಟು, ಇಪ್ಪತ್ಮೂರು ಸಾಲು. ಒಪೆರಾ ಹೌಸ್ ಒಳಗಿನ ಟೂರು, ಹಾರ್ಬರ್ ಬ್ರಿಡ್ಜ್ ಮೇಲೆ ಹತ್ತೋದು, ಬಾಂಡೈ ಬೀಚು, ಬ್ಲೂ ಮೌಂಟನ್ಸ್, ಟರೋಂಗಾ ಮೃಗಾಲಯ, ತಿಮಿಂಗಿಲ ನೋಡೋ ದೋಣಿ. ಆಫೀಸಿನವರು ಸುಮ್ಮನಿರ್ತಾರಾ? "ಅಷ್ಟು ದೂರ ಹೋಗ್ತಿದ್ದೀಯ, ಮೆಲ್ಬರ್ನ್ ಬಿಡ್ತೀಯಾ?" ಅಂದ್ರು ಒಬ್ಬರು. "ಗ್ರೇಟ್ ಓಶನ್ ರೋಡ್ ನೋಡದೆ ಬಂದ್ರೆ ಹೋಗಿದ್ದೂ ವೇಸ್ಟು" ಅಂದ್ರು ಇನ್ನೊಬ್ಬರು. ನಕ್ಷೆಯಲ್ಲಿ ಸಿಡ್ನಿ, ಮೆಲ್ಬರ್ನ್ ಎರಡೂ ಒಂದೇ ಮೂಲೆಯಲ್ಲಿ ಪಕ್ಕಪಕ್ಕ ಕಾಣುತ್ತವೆ. ರಸ್ತೆಯಲ್ಲಿ ಹೋದರೆ ನಡುವೆ ಸುಮಾರು ಒಂಬೈನೂರು ಕಿಲೋಮೀಟರ್. ಹೆಚ್ಚುಕಡಿಮೆ ಬೆಂಗಳೂರಿಂದ ಮುಂಬೈಗೆ ಹೋದ ಹಾಗೆ. ಏಳು ರಾತ್ರಿಯಲ್ಲಿ ಎರಡನ್ನು ಅದಕ್ಕೆ ಕೊಟ್ಟರೆ ಉಳಿಯೋದೇನು? ಆದ್ರೂ ನಾನು ಆ ಸಾಲನ್ನು ಅಳಿಸಿರಲಿಲ್ಲ.

ಅಮ್ಮನ ಚೀಟಿ ಹೀಗಿತ್ತು: ಅಂಟು ಅರ್ಧ ಕಿಲೋ, ಉತ್ತತ್ತಿ, ಒಣಕೊಬ್ಬರಿ, ಬಾದಾಮಿ, ಗೋಡಂಬಿ, ದ್ರಾಕ್ಷಿ, ಗಸಗಸೆ, ಅಳವಿ ಬೀಜ, ಮೆಂತ್ಯ, ಜೀರಿಗೆ, ಓಂಕಾಳು, ಒಣಶುಂಠಿ, ಹಿಪ್ಪಲಿ, ಬ್ಯಾಡಗಿ ಮೆಣಸಿನಕಾಯಿ, ಬೆಲ್ಲ. ಕೆಳಗೆ ಅಡ್ಡಗೆರೆ ಎಳೆದು: ತುಪ್ಪ ಮನೇದು, ವೀಳ್ಯದೆಲೆ ಹೊರಡೋ ದಿನ.

ಓದಿದ ತಕ್ಷಣ ಗೊತ್ತಾಗಿರುತ್ತೆ. ಇದು ಬಾಣಂತಿ ಸಾಮಾನು.

ಅಕ್ಕನಿಗೆ ಮಗುವಾಗಿ ಐದು ವಾರ. ಇರೋದು ಸಿಡ್ನಿಯ ಪಶ್ಚಿಮಕ್ಕೆ, ಪ್ಯಾರಮ್ಯಾಟಾ ಪಕ್ಕದ ವೆಸ್ಟ್‌ಮೀಡ್‌ನಲ್ಲಿ. ಅಮ್ಮ ಹೋಗಬೇಕಿತ್ತು. ವೀಸಾ ಬಂದಿತ್ತು, ಮೂರು ತಿಂಗಳಿಗೆ ಟಿಕೆಟ್ಟೂ ಆಗಿತ್ತು. ಹೊರಡೋಕೆ ಹತ್ತು ದಿನ ಇರುವಾಗ ಬಚ್ಚಲಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರೀತು. ಮಗುವನ್ನು ಎತ್ತಿಕೊಳ್ಳೋಕೇ ಆಗದ ಕೈ ತಗೊಂಡು ಅಲ್ಲಿಗೆ ಹೋಗಿ ಏನು ಮಾಡ್ತೀನಿ ಅಂತ ಅಮ್ಮನೇ ಬೇಡ ಅಂದ್ರು. ಭಾವನ ಅಪ್ಪ ಅಮ್ಮ ಇಬ್ಬರೂ ಇಲ್ಲ. ಎರಡು ವಾರದ ರಜೆ ಮುಗಿಸಿ ಭಾವ ಕೆಲಸಕ್ಕೆ ಹೋದ್ರು.

ಅಲ್ಲಿ ಹೆರಿಗೆ ಆದ ಒಂದೆರಡು ವಾರಕ್ಕೆ ಸರ್ಕಾರಿ ನರ್ಸ್ ಒಬ್ಬರು ಮನೆಗೇ ಬರ್ತಾರೆ. ಮಗು ತೂಕ ನೋಡ್ತಾರೆ, ಹಾಲು ಕುಡೀತಿದೆಯಾ ಕೇಳ್ತಾರೆ, ಆಮೇಲೆ ತಾಯಿಯ ಕೈಗೆ ಒಂದು ಹಾಳೆ ಕೊಡ್ತಾರೆ. ಹತ್ತು ಪ್ರಶ್ನೆ. ಎಡಿನ್‌ಬರೋ ಸ್ಕೇಲ್ ಅಂತಾರೆ ಅದನ್ನ. 1987ರಿಂದ ಬಳಕೆಯಲ್ಲಿದೆ, ನಮ್ಮಲ್ಲೂ ಕೆಲವು ಆಸ್ಪತ್ರೆಗಳಲ್ಲಿ ಕೇಳ್ತಾರೆ. ನಗೋಕೆ ಆಗ್ತಿದೆಯಾ, ಕಾರಣ ಇಲ್ಲದೆ ಗಾಬರಿ ಆಗುತ್ತಾ, ಅಳು ಬರುತ್ತಾ, ಇಂಥವು. ಅಕ್ಕ ತುಂಬಿ ಕೊಟ್ಟಳಂತೆ. ನರ್ಸ್ ಅದನ್ನು ನೋಡಿ, "ನಿಮ್ಮ ಮನೆಯಿಂದ ಯಾರಾದ್ರೂ ಬರೋದಿದೆಯಾ?" ಅಂತ ಕೇಳಿದ್ರಂತೆ. ಡಾಕ್ಟರ್ ಹತ್ತಿರ ಒಂದು ಸಮಯವನ್ನೂ ಗೊತ್ತು ಮಾಡಿಕೊಟ್ರಂತೆ. ಇದನ್ನೆಲ್ಲ ಅಕ್ಕ ಫೋನಲ್ಲಿ ತಮಾಷೆ ಥರ ಹೇಳಿದಳು. ನಾನೂ ನಕ್ಕೆ. ಫೋನ್ ಇಟ್ಟ ಮೇಲೆ ಅಮ್ಮ "ನೀನು ಹೋಗು" ಅಂದ್ರು.

"ನಾನು ಹೋಗಿ ಏನ್ಮಾಡ್ಲಿ ಅಮ್ಮಾ?"

"ಅದೇ ನಂಗೂ ಗೊತ್ತಾಗ್ತಿಲ್ಲ. ಆದ್ರೂ ಹೋಗು."

ಹಾಗೆ ಶುರುವಾಯ್ತು. ಆರು ದಿನ ರಜೆ ಸಿಕ್ತು. ವೀಸಾ ಬಗ್ಗೆ ಚುಟುಕಾಗಿ ಹೇಳಿಬಿಡ್ತೀನಿ, ಯಾಕಂದ್ರೆ ಎಲ್ಲರೂ ಕೇಳೋದು ಅದನ್ನೇ. ನೆಂಟರ ಮನೆಗೆ ಹೋಗೋಕೂ ಊರು ನೋಡೋಕೂ ನಮಗೆ ಬೇಕಾಗೋದು ವಿಸಿಟರ್ ವೀಸಾ, 600 ನಂಬರಿಂದು. ಅರ್ಜಿ ಪೂರ್ತಿ ಆನ್‌ಲೈನ್. ಪಾಸ್‌ಪೋರ್ಟ್‌ನಲ್ಲಿ ಸ್ಟಿಕ್ಕರ್ ಅಂಟಿಸೋದಿಲ್ಲ, ಮೇಲ್‌ನಲ್ಲಿ ಪತ್ರ ಬರುತ್ತೆ ಅಷ್ಟೇ. ಅಕ್ಕನ ಆಹ್ವಾನ ಪತ್ರ, ಆಫೀಸಿನ ರಜೆ ಪತ್ರ, ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್ ಹಾಕಿದೆ. ಹೋದವನು ವಾಪಸ್ ಬರ್ತಾನೆ ಅಂತ ಕಾಗದದಲ್ಲೇ ಕಾಣಬೇಕು, ಅದೇ ಮುಖ್ಯ. ಶುಲ್ಕ ಸಾಮಾನ್ಯವಾಗಿ ಜುಲೈ ಒಂದಕ್ಕೆ ಏರುತ್ತೆ, ಹಳೇ ವಿಡಿಯೋ ನೋಡಿ ಲೆಕ್ಕ ಹಾಕಬೇಡಿ. ನನ್ನದು ಬೇಗ ಬಂತು. ಎಲ್ಲರಿಗೂ ಹಾಗೇ ಅನ್ನಲ್ಲ, ವೀಸಾ ಬರೋಕೆ ಮುಂಚೆ ದುಡ್ಡು ವಾಪಸ್ ಬರದ ಟಿಕೆಟ್ ತಗೋಬೇಡಿ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿಂದ ಸಿಡ್ನಿಗೆ ನೇರ ವಿಮಾನ ಶುರುವಾಯ್ತು. ಹನ್ನೊಂದು ಹನ್ನೆರಡು ಗಂಟೆ ಪ್ರಯಾಣ. ಸಿಂಗಪುರ, ಕೌಲಾಲಂಪುರದ ಮೇಲೆ ಹೋದ್ರೆ ಕಡಿಮೆಗೆ ಸಿಗಬಹುದು, ಆದ್ರೆ ಏಳೇ ರಾತ್ರಿ ಇರೋವಾಗ ಅರ್ಧ ದಿನದ ಬೆಲೆ ಎಷ್ಟು ಅಂತ ಯೋಚಿಸಿ.

ಈಗ ಮಾರ್ಕೆಟ್ಟಿಗೆ ವಾಪಸ್ ಬರೋಣ.

ಒಣಹಣ್ಣಿನ ಸಾಲಲ್ಲಿ ಅಮ್ಮನಿಗೆ ಒಂದೇ ಅಂಗಡಿ. ಮೂವತ್ತು ವರ್ಷದಿಂದ ಅದೇ. ಅಂಗಡಿಯವರ ಹೆಸರು ಅಮ್ಮನಿಗೆ ಗೊತ್ತಿದೆಯೋ ಇಲ್ಲವೋ, ಕರೆಯೋದು "ಸಾಬ್ರೇ" ಅಂತ. ಅವರು ಅಮ್ಮನನ್ನು "ಅಮ್ಮಾ" ಅಂತಾರೆ, ವಯಸ್ಸಲ್ಲಿ ಅವರೇ ದೊಡ್ಡವರು. ನಾನು ಹುಟ್ಟಿದಾಗ, ಅದಕ್ಕೂ ಮುಂಚೆ ಅಕ್ಕ ಹುಟ್ಟಿದಾಗ, ಅಜ್ಜಿ ದಾವಣಗೆರೆಯಿಂದ ಬಂದು ಅಂಟು, ಉತ್ತತ್ತಿ ತಂದಿದ್ದು ಇವರ ಅಪ್ಪನ ಅಂಗಡಿಯಿಂದಲೇ. 2012ರ ಫೆಬ್ರುವರಿಯಲ್ಲಿ ಮಾರ್ಕೆಟ್ಟಿಗೆ ಬೆಂಕಿ ಬಿತ್ತಲ್ಲ, ಆವಾಗ ಅಮ್ಮ ಸುದ್ದಿ ಕೇಳಿ ಮೊದಲು ಕೇಳಿದ್ದು "ಸಾಬ್ರ ಅಂಗಡಿ ಆ ಕಡೆ ಇತ್ತಾ, ಈ ಕಡೆ ಇತ್ತಾ?" ಅಂತ. ಈ ಕಡೆ ಇತ್ತು.

"ಅಮ್ಮಾ, ಕೈ ಏನಾಯ್ತು?"

ಬಚ್ಚಲು, ಜಾರಿದ್ದು, ಅಕ್ಕ, ಮಗು, ಸಿಡ್ನಿ, ಎಲ್ಲ ಹೇಳಿ ಆಯ್ತು. ಅಮ್ಮ ಚೀಟಿ ಚಾಚಿದ್ರು. ನಾನು ಫೋನ್ ತೆಗೆದೆ. ಹಿಂದಿನ ರಾತ್ರಿ ಆಸ್ಟ್ರೇಲಿಯಾ ಕೃಷಿ ಇಲಾಖೆಯ ಪುಟ ಓದ್ತಾ ಕೂತಿದ್ದೆ, ಅಮ್ಮನಿಗೆ ಹೇಳೋ ಧೈರ್ಯ ಬಂದಿರಲಿಲ್ಲ.

ಆ ಪುಟದ ಕಥೆ ಏನಂದ್ರೆ, ನಾವು ಬೇರೆ ದೇಶಕ್ಕೆ ಹೋಗೋವಾಗ ವೀಸಾಗೆ ಹೆದರ್ತೀವಿ. ಆಸ್ಟ್ರೇಲಿಯಾಗೆ ಹೋಗೋವಾಗ ಬ್ಯಾಗಿಗೂ ಅಷ್ಟೇ ಹೆದರಬೇಕು. ಹಸಿ ಹಣ್ಣು, ತರಕಾರಿ, ಹೂವು, ಎಲೆ ಆಗಲ್ಲ. ಕರಿಬೇವು, ವೀಳ್ಯದೆಲೆ ಎರಡೂ ಹೋಯ್ತು. ಕಾಲುಬಾಯಿ ರೋಗ ಇರೋ ದೇಶಗಳ ಹಾಲಿನ ಪದಾರ್ಥಕ್ಕೆ ಕಟ್ಟುನಿಟ್ಟು, ನಮ್ಮ ದೇಶ ಆ ಪಟ್ಟಿಯಲ್ಲಿದೆ. ದೀಪಾವಳಿ ಬಂದ್ರೆ ಸಾಕು, ಲಾಡು, ಬರ್ಫಿ, ಗುಲಾಬ್ ಜಾಮೂನು ತರಬೇಡಿ, ಕಳಿಸಬೇಡಿ ಅಂತ ಹೆಸರು ಹಿಡಿದೇ ಹೇಳ್ತಾರೆ. ಹಾಗಾಗಿ ತುಪ್ಪದ ಉಂಡೆ ಇಲ್ಲೇ ಕಟ್ಟಿ ಒಯ್ಯೋ ಐಡಿಯಾನೂ ಬಿತ್ತು.

ನನಗೆ ಗೊತ್ತೇ ಇಲ್ಲದ್ದು ಇನ್ನೊಂದಿತ್ತು. ಖಾಪ್ರಾ ಅಂತ ಒಂದು ದುಂಬಿ. ಅಕ್ಕಿ ಕಾಳಿಗಿಂತ ಚಿಕ್ಕದು, ನಮ್ಮ ಕಡೆಯದೇ ಹುಳ. ಒಮ್ಮೆ ಗೋದಾಮಿಗೆ ಹೊಕ್ಕರೆ ಧಾನ್ಯ ಪೂರ್ತಿ ಹಾಳು, ಮರಿಗಳು ತಿಂಡಿ ಇಲ್ಲದೆಯೂ ಸಂದಿಗೊಂದಿಯಲ್ಲಿ ವರ್ಷಗಟ್ಟಲೆ ಬದುಕಿರ್ತವೆ. ಅದಕ್ಕೆ ಹೆದರಿ 2020ರಿಂದ ಪ್ರಯಾಣಿಕರ ಬ್ಯಾಗಿನಲ್ಲಿ ಅಕ್ಕಿ, ಕಡಲೆ, ತೊಗರಿ, ಹೆಸರು, ಜೀರಿಗೆ, ಕೊತ್ತಂಬರಿ ಬೀಜ, ಸೋಂಪು, ಒಣಮೆಣಸಿನಕಾಯಿ ಇಂಥವನ್ನೆಲ್ಲ ಬೇಡ ಅಂದಿದ್ದಾರೆ. ಬ್ಯಾಡಗಿ ಹೋಯ್ತು, ಜೀರಿಗೆ ಹೋಯ್ತು.

ಅತಿ ಆಯ್ತು ಅನ್ನಿಸುತ್ತೆ ಅಲ್ವಾ? ನನಗೂ ಅನ್ನಿಸ್ತು. ಆಮೇಲೆ ಅವರ ಕಥೆ ಓದಿದೆ. 1859ರಲ್ಲಿ ಒಬ್ಬ ಜಮೀನುದಾರ ಬೇಟೆಯಾಡೋಕೆ ಅಂತ ಇಂಗ್ಲೆಂಡಿಂದ ಒಂದಿಷ್ಟು ಮೊಲ ತರಿಸಿ ಬಿಟ್ಟ. ಐವತ್ತು ವರ್ಷದಲ್ಲಿ ಅವು ಖಂಡದ ಬಹುಭಾಗ ಮೇದು ಮುಗಿಸಿದವು. 1935ರಲ್ಲಿ ಕಬ್ಬಿನ ಹುಳ ತಿನ್ನಲಿ ಅಂತ ಕಪ್ಪೆ ತಂದರು, ಅವು ಇನ್ನೂ ಹರಡ್ತಲೇ ಇವೆ. ಬಿಸಿ ಹಾಲು ಕುಡಿದು ಬಾಯಿ ಸುಟ್ಟುಕೊಂಡವರು ಮಜ್ಜಿಗೆನೂ ಊದಿ ಕುಡೀತಾರೆ. ಅವರ ಕಡೆಯಿಂದ ನಮಗೆ ಬಂದಿದ್ದಕ್ಕೆ ಯಾರೂ ತಡೆ ಹಾಕಲಿಲ್ಲ ಬಿಡಿ. ಚಿಕ್ಕಮಗಳೂರಿನ ಕಾಫಿ ತೋಟದ ಸಿಲ್ವರ್ ಓಕು, ಕೋಲಾರದ ದಾರಿಯ ನೀಲಗಿರಿ ಮರ, ಎರಡೂ ಆಸ್ಟ್ರೇಲಿಯಾದವೇ.

ಅಮ್ಮ ಒಂದೊಂದೇ ಹೆಸರು ಹೇಳೋದು, ನಾನು ಫೋನ್ ನೋಡಿ "ಆಗಲ್ಲ" ಅನ್ನೋದು. ಗಸಗಸೆ ಬಂದಾಗ ಸಾಬ್ರೇ ಕೈ ಅಡ್ಡ ಆಡಿಸಿದ್ರು. ಅವರ ನೆಂಟರೊಬ್ಬರು ದುಬೈಗೆ ಗಸಗಸೆ ಒಯ್ಯೋಕೆ ಹೊರಟು, ಗೊತ್ತಿದ್ದವರು ಏರ್‌ಪೋರ್ಟ್‌ಗೆ ಹೋಗೋ ದಾರಿಯಲ್ಲೇ ಬ್ಯಾಗ್ ಬಿಚ್ಚಿಸಿದ್ರಂತೆ. ಅಲ್ಲಿ ಅದು ಮಾದಕ ವಸ್ತುವಿನ ಲೆಕ್ಕ. ನೀವು ಗಲ್ಫ್ ಮೇಲೆ ಹೋಗೋರಾದ್ರೆ ಇದನ್ನ ನೆನಪಿಡಿ.

"ಬಾದಾಮಿನಾದ್ರೂ ಆಗುತ್ತಾ?" ಅಮ್ಮನ ದನಿ ಸಣ್ಣದಾಗಿತ್ತು.

ಸಿಪ್ಪೆ ತೆಗೆದದ್ದು, ಶುಚಿಯಾಗಿ ಪ್ಯಾಕ್ ಆಗಿರೋದು, ತೋರಿಸಿ ಕೇಳಬಹುದು ಅಂತಿದ್ದೆ. ಅಷ್ಟರಲ್ಲಿ ಸಾಬ್ರು ಗಾಜಿನ ಭರಣಿಯಿಂದ ಒಂದು ಹಿಡಿ ತೆಗೆದು ನನ್ನ ಅಂಗೈಗೆ ಹಾಕಿದ್ರು.

"ಇದೆಲ್ಲಿಂದ ಬಂತು, ಗೊತ್ತಾ? ಅಲ್ಲಿಂದಲೇ ಬರುತ್ತೆ, ಬೇಟಾ. ಆಸ್ಟ್ರೇಲಿಯಾದು. ಇಲ್ಲಿಗೆ ಹಡಗಲ್ಲಿ ಬಂದಿದ್ದನ್ನ ನೀನು ವಿಮಾನದಲ್ಲಿ ವಾಪಸ್ ಒಯ್ತೀಯಾ?"

ಪಕ್ಕದ ಅಂಗಡಿಯ ಹುಡುಗ ನಕ್ಕ. ಅಮ್ಮನೂ ನಕ್ಕರು, ಮಣಿಕಟ್ಟು ಮುರಿದ ಮೇಲೆ ಅಷ್ಟು ನಕ್ಕಿದ್ದು ಅದೇ ಮೊದಲು. ಮನೆಗೆ ಬಂದು ನೋಡಿದೆ, ಸಾಬ್ರು ಹೇಳಿದ್ದು ನಿಜ. ಕ್ಯಾಲಿಫೋರ್ನಿಯಾದ ಬಾದಾಮಿ ಆಗಸ್ಟ್‌ನಿಂದ ಕೊಯ್ಲು, ಆಸ್ಟ್ರೇಲಿಯಾದು ಫೆಬ್ರುವರಿಯಿಂದ. ಋತು ತಿರುವುಮುರುವಾಗಿರೋದರಿಂದ ನಮ್ಮ ಶ್ರಾವಣ, ದಸರಾ ಹೊತ್ತಿಗೆ ಅವರ ಹೊಸ ಮಾಲು ಇಲ್ಲಿರುತ್ತೆ. 2022ರ ಡಿಸೆಂಬರ್‌ನಲ್ಲಿ ಎರಡೂ ದೇಶದ ವ್ಯಾಪಾರ ಒಪ್ಪಂದ ಜಾರಿಯಾದ ಮೇಲೆ ಒಂದು ಮಿತಿಯವರೆಗೆ ಸುಂಕವೂ ಅರ್ಧಕ್ಕೆ ಇಳೀತು.

"ಅಂಟು ಸಿಗುತ್ತಾ ಅಲ್ಲಿ?" ಅಮ್ಮ ಬಿಡಲಿಲ್ಲ.

ಅಲ್ಲೇ ನಿಂತು ಅಕ್ಕನಿಗೆ ಫೋನ್ ಮಾಡಿದೆ. ಆಗಸ್ಟ್‌ನಲ್ಲಿ ಸಿಡ್ನಿ ನಮಗಿಂತ ನಾಲ್ಕೂವರೆ ಗಂಟೆ ಮುಂದೆ, ಅಲ್ಲಿ ಸಂಜೆ. ಹ್ಯಾರಿಸ್ ಪಾರ್ಕ್ ಅವರ ಮನೆಯಿಂದ ಎರಡೇ ಸ್ಟೇಶನ್. ಬೀದಿ ತುಂಬ ನಮ್ಮವರ ಅಂಗಡಿ. "ಅಂಟು, ಉತ್ತತ್ತಿ, ಕೊಬ್ಬರಿ, ಬ್ಯಾಡಗಿ, ಎಲ್ಲ ಸಿಗುತ್ತೆ ಕಣೋ. ಇಲ್ಲಿ ಸಿಗದೇ ಇರೋದು ಅದನ್ನ ಹುರಿದು ಉಂಡೆ ಕಟ್ಟೋರು" ಅಂದಳು ಅಕ್ಕ. ಹೇಳಿ ಸುಮ್ಮನಾದಳು. ಮಗು ಅಳೋದು ಕೇಳಿಸ್ತು. "ಏನೂ ತರಬೇಡ ಪುಟ್ಟ, ಬಾ. ಬಂದು ಮಗೂನ ಎತ್ಕೊಂಡ್ರೆ ನಾನು ಎರಡು ಗಂಟೆ ಮಲಗ್ತೀನಿ."

ಸ್ಪೀಕರ್‌ನಲ್ಲಿತ್ತು ಫೋನು. ಸಾಬ್ರು ತಕ್ಕಡಿ ಒರೆಸೋ ಬಟ್ಟೆ ಹಿಡಿದು ಬೇರೆ ಕಡೆ ನೋಡ್ತಾ ನಿಂತಿದ್ರು.

ಅಮ್ಮ ಚೀಟಿ ಮಡಿಚಿ ಪರ್ಸಿಗೆ ಹಾಕಿದ್ರು. ಆಮೇಲೆ, "ಸಾಬ್ರೇ, ಅಂಟು ಕಾಲು ಕಿಲೋ ಕೊಡಿ. ಉತ್ತತ್ತಿ ಕಾಲು ಕಿಲೋ. ಇವನಿಗೆ ಕಲಿಸಬೇಕು" ಅಂದ್ರು.

ಹಾಗಾಗಿ ಈ ವಾರ ದಿನಾ ಸಂಜೆ ನಮ್ಮ ಮನೆಯಲ್ಲಿ ಅಂಟಿನುಂಡೆ ಕ್ಲಾಸು. ಅಮ್ಮ ಕುರ್ಚಿ ಮೇಲೆ, ನಾನು ಒಲೆ ಮುಂದೆ. ತುಪ್ಪ ಹದವಾಗಿ ಕಾದಿರಬೇಕು, ಅಂಟನ್ನು ಸ್ವಲ್ಪಸ್ವಲ್ಪವೇ ಹಾಕಬೇಕು, ಅರಳಿನ ಹಾಗೆ ಉಬ್ಬಬೇಕು. ಒಂದೇ ಸಲ ಸುರಿದ್ರೆ ಮೇಲೆ ಕೆಂಪಾಗಿ ಒಳಗೆ ಗಟ್ಟಿ ಉಳಿಯುತ್ತೆ, ಹಲ್ಲಿಗೆ ಅಂಟುತ್ತೆ. ಮೊದಲ ದಿನ ಹಾಗೇ ಆಯ್ತು. ಎರಡನೇ ದಿನ ಬೆಲ್ಲದ ಪಾಕ ಗಟ್ಟಿಯಾಗಿ ಉಂಡೆ ಕಲ್ಲಾಯ್ತು. "ಇದನ್ನ ಒಯ್ದರೆ ಏರ್‌ಪೋರ್ಟ್‌ನಲ್ಲಿ ಆಯುಧ ಅಂತ ಹಿಡೀತಾರೆ" ಅಂದ್ರು ಅಮ್ಮ. ನಿನ್ನೆಯದು ಪರವಾಗಿಲ್ಲ. ಬಿಸಿ ಇರುವಾಗಲೇ ಅಂಗೈಗೆ ತುಪ್ಪ ಸವರಿ ಕಟ್ಟಬೇಕು, ಅದನ್ನ ಯೂಟ್ಯೂಬ್ ಹೇಳುತ್ತೆ. ಅಂಗೈ ಸುಡೋವಾಗ ಯಾವಾಗ ಬಿಡಬೇಕು ಅಂತ ಅದು ಹೇಳಲ್ಲ. ಅಕ್ಕನ ಡಾಕ್ಟರನ್ನೂ ಕೇಳಾಯ್ತು, ಉಂಡೆಗೆ ಅಡ್ಡಿ ಇಲ್ಲವಂತೆ. ಅಮ್ಮ ಹೇಳಿದ ಲೇಹ್ಯ ಮಾತ್ರ ಬೇಡ ಅಂದ್ರಂತೆ. ಕೆಲವು ಆಯುರ್ವೇದ ಔಷಧಿಗಳಲ್ಲಿ ಸೀಸ ಇದ್ದ ಬಗ್ಗೆ ಅಲ್ಲಿನ ಔಷಧ ನಿಯಂತ್ರಣ ಇಲಾಖೆ ಎಚ್ಚರಿಕೆ ಕೊಟ್ಟಿದೆ, ಎದೆಹಾಲು ಕುಡಿಸೋ ತಾಯಿ ಬೇರೆ. ಅಮ್ಮ ಗೊಣಗಿದ್ರು, ಆದ್ರೆ ಒಪ್ಪಿದ್ರು.

ಬ್ಯಾಗಿನ ವಿಷಯ ಮುಗಿಸೋಕೆ ಮುಂಚೆ ಒಂದೇ ಮಾತು. ವಿಮಾನದಲ್ಲೇ ಒಂದು ಕಾರ್ಡ್ ಕೊಡ್ತಾರೆ, ತಿನ್ನೋದು, ಸಸ್ಯ, ಬೀಜ ಏನಾದ್ರೂ ಇದೆಯಾ ಅಂತ. ಸ್ವಲ್ಪವೇ ಅನುಮಾನ ಇದ್ರೂ 'ಹೌದು' ಅಂತ ಗುರುತು ಹಾಕಿ. ಹೇಳಿ ತೋರಿಸಿದವರಿಗೆ ದಂಡ ಇಲ್ಲ, ಹೆಚ್ಚೆಂದರೆ ಆ ಪದಾರ್ಥ ತಗೊಂಡು ಬಿಸಾಕ್ತಾರೆ. ಮುಚ್ಚಿಟ್ಟರೆ ಸಾವಿರಾರು ಡಾಲರ್ ದಂಡದವರೆಗೂ ಹೋಗಬಹುದು. 2019ರ ಅಕ್ಟೋಬರ್‌ನಲ್ಲಿ ಸಿಡ್ನಿ ಏರ್‌ಪೋರ್ಟ್‌ನಲ್ಲಿ ವಿಯೆಟ್ನಾಮಿನ ಪ್ರವಾಸಿ ಹೆಂಗಸೊಬ್ಬರು ಹಂದಿ ಮಾಂಸವೂ ಸೇರಿ ಹತ್ತು ಕಿಲೋ ತಿಂಡಿ ಹೇಳದೆ ತಂದಿದ್ದಕ್ಕೆ ಅವರ ವೀಸಾನೇ ರದ್ದಾಯ್ತು, ಅಲ್ಲಿಂದಲೇ ವಾಪಸ್. ಆ ಹೆಂಗಸೂ ಯಾರದೋ ಮನೆಗೆ ಪ್ರೀತಿಯಿಂದಲೇ ಕಟ್ಟಿಕೊಂಡು ಹೊರಟಿರಬೇಕು.

ನನ್ನ ಬ್ಯಾಗಿನಲ್ಲಿ ಈಗಿರೋದು ಬಟ್ಟೆ, ಔಷಧಿ ಚೀಟಿ, ಅಲ್ಲಿನ ಓರೆ ಪಿನ್ನಿನ ಪ್ಲಗ್ಗಿಗೆ ಅಡಾಪ್ಟರು, ಒಂದು ದಪ್ಪ ಸ್ವೆಟರು. ಆಗಸ್ಟ್ ಅಲ್ಲಿ ಚಳಿಗಾಲದ ಕೊನೆ. ಬೆಳಿಗ್ಗೆ ಒಂಬತ್ತು ಹತ್ತು ಡಿಗ್ರಿ, ಮಧ್ಯಾಹ್ನ ನಮ್ಮ ಡಿಸೆಂಬರ್ ಬೆಳಗಿನ ಥರ, ಸಂಜೆ ಐದೂವರೆಗೆಲ್ಲ ಕತ್ತಲೆ. ಮತ್ತೆ ಅಮ್ಮನ ಹಳೇ ಕಾಟನ್ ಸೀರೆಗಳಿಂದ ಹೊಲಿದ ಒಂದು ಕೌದಿ. ಒಗೆದು, ಬಿಸಿಲಲ್ಲಿ ಒಣಗಿಸಿ, ಮಡಿಚಿಟ್ಟಿದ್ದಾರೆ. ಅದಕ್ಕೆ ಯಾವ ಇಲಾಖೆಯ ತಕರಾರೂ ಇಲ್ಲ.

ಇನ್ನು ನನ್ನ ಶೀಟು. ಸಾಬ್ರ ಅಂಗಡಿಯಿಂದ ಬಂದ ರಾತ್ರಿ ಅದನ್ನ ತೆಗೆದೆ. ಮೆಲ್ಬರ್ನ್ ಅಳಿಸಿದೆ. ಗ್ರೇಟ್ ಓಶನ್ ರೋಡ್ ತಾನಾಗಿಯೇ ಹೋಯ್ತು. ಬ್ಲೂ ಮೌಂಟನ್ಸ್ ರೈಲಲ್ಲಿ ಹೋಗಬಹುದಾದ ಜಾಗ, ಟಿಕೆಟ್ಟೂ ಅಗ್ಗ, ಆದ್ರೆ ಇಡೀ ದಿನ ಬೇಕು. ಸ್ವಲ್ಪ ಹೊತ್ತು ಅದರ ಮೇಲೆ ಬೆರಳಿಟ್ಟುಕೊಂಡಿದ್ದು ಅದನ್ನೂ ಅಳಿಸಿದೆ. ಬ್ರಿಡ್ಜ್ ಹತ್ತೋಕೆ ಕೇಳೋ ದುಡ್ಡಿಗೆ ಅಕ್ಕನ ಮನೆಗೆ ಒಂದು ವಾರದ ಅಡುಗೆಯವರನ್ನ ಇಡಬಹುದೇನೋ. ಹೇಗೂ ಅದೇ ಸೇತುವೆಯ ಮೇಲೆ ಪಕ್ಕದ ದಾರಿಯಲ್ಲಿ ಪುಕ್ಕಟೆ ನಡೆಯಬಹುದು.

ಹಾಗಂತ ಏನೂ ನೋಡದೆ ಬರೋ ಸಾಧು ನಾನಲ್ಲ. ಶನಿವಾರ ಭಾವ ಮನೇಲಿರ್ತಾರೆ. ಆ ದಿನ ಬೆಳಿಗ್ಗೆ ಬೇಗ ಎದ್ದು ಬಾಂಡೈಗೆ ಹೋಗಿ, ಅಲ್ಲಿಂದ ಸಮುದ್ರದ ಅಂಚಿನಲ್ಲೇ ಕೂಜಿಯವರೆಗೆ ನಡೆಯೋದು. ಆರು ಕಿಲೋಮೀಟರ್, ಎರಡು ಮೂರು ಗಂಟೆ. ಮಧ್ಯಾಹ್ನದ ಊಟಕ್ಕೆ ಮನೆ. ಓಡಾಟಕ್ಕೆ ಪ್ರತ್ಯೇಕ ಕಾರ್ಡ್ ಬೇಕಿಲ್ಲ, ಹೊರದೇಶದಲ್ಲಿ ನಡೆಯೋ ನಮ್ಮ ಕಾಂಟ್ಯಾಕ್ಟ್‌ಲೆಸ್ ಕಾರ್ಡನ್ನೇ ರೈಲು, ಬಸ್ಸು, ಫೆರ್ರಿ ಎಲ್ಲದಕ್ಕೂ ತಾಗಿಸಬಹುದು. ಇಳಿಯೋವಾಗಲೂ ಮರೆಯದೆ ತಾಗಿಸಬೇಕು. ದಿನಕ್ಕೆ ಇಷ್ಟಕ್ಕಿಂತ ಹೆಚ್ಚು ಹಿಡಿಯಲ್ಲ ಅಂತ ಒಂದು ಮಿತಿ ಇದೆ, ಶುಕ್ರವಾರ, ಶನಿವಾರ, ಭಾನುವಾರ ಆ ಮಿತಿ ಅರ್ಧಕ್ಕೆ ಇಳಿಯುತ್ತೆ. ಹಾಗಾಗಿ ದೂರದ ಓಡಾಟವನ್ನ ವಾರದ ಕೊನೆಗೆ ಇಟ್ಕೊಳ್ಳಿ. ಏರ್‌ಪೋರ್ಟ್ ಸ್ಟೇಶನ್ನಿಗೆ ಮಾತ್ರ ಮೇಲೆ ಹದಿನೇಳು ಹದಿನೆಂಟು ಡಾಲರ್ ಬೇರೆ ಹಿಡೀತಾರೆ, ಅದು ಮಿತಿಯ ಲೆಕ್ಕಕ್ಕೆ ಬರಲ್ಲ.

ಭಾನುವಾರದ ಸಾಲು ನಾನು ಹಾಕಿದ್ದಲ್ಲ, ಅಕ್ಕ ಹಾಕಿಸಿದ್ದು. ಶೀಟನ್ನ ಅವಳಿಗೂ ಕಳಿಸಿದ್ದೆ. ರಾತ್ರಿ ಮೂರಕ್ಕೆ, ಮಗುಗೆ ಹಾಲು ಕುಡಿಸ್ತಾ ಇದ್ದಾಗ ಅಂತ ಕಾಣುತ್ತೆ, ಮೆಸೇಜು ಬಂತು: "ಪ್ಯಾರಮ್ಯಾಟಾದಿಂದ ಫೆರ್ರಿ ಇದೆ. ನನ್ನೂ ಕರ್ಕೊಂಡ್ ಹೋಗ್ತೀಯಾ? ಆರು ವಾರದಿಂದ ಆಸ್ಪತ್ರೆ ಬಿಟ್ಟು ಎಲ್ಲೂ ಹೋಗಿಲ್ಲ."

ಆ ಫೆರ್ರಿ ನದಿಯ ಮೇಲೆ ನಿಧಾನವಾಗಿ ಒಂದೂವರೆ ಗಂಟೆ ಹೋಗಿ, ಹಾರ್ಬರ್ ಬ್ರಿಡ್ಜ್ ಕೆಳಗೆ ದಾಟಿ, ಒಪೆರಾ ಹೌಸ್ ಎದುರಿನ ಸರ್ಕ್ಯುಲರ್ ಕೀ ಕಟ್ಟೆಗೆ ತಲುಪುತ್ತೆ. ರೈಲು ಅರ್ಧ ಹೊತ್ತಲ್ಲಿ ಒಯ್ಯುತ್ತೆ, ಆದ್ರೆ ರೈಲಿಂದ ಇದು ಯಾವುದೂ ಹೀಗೆ ಕಾಣಲ್ಲ. ನೀರು ಇಳಿದಿರುವಾಗ ಪ್ಯಾರಮ್ಯಾಟಾ ಕಟ್ಟೆಯವರೆಗೆ ದೋಣಿ ಬರಲ್ಲ, ಮುಂದಿನ ಕಟ್ಟೆಗೆ ಬಸ್ಸಲ್ಲಿ ಒಯ್ತಾರೆ. ಹಾಗಾಗಿ ಆ ದಿನದ ವೇಳಾಪಟ್ಟಿ ನೋಡಿಯೇ ಮನೆ ಬಿಡಬೇಕು, ಅದರಲ್ಲೂ ಮಗುವಿನ ಗಾಡಿ ಜೊತೆಗಿದ್ರೆ. ಇಳಿದ ಮೇಲೆ ಒಪೆರಾ ಹೌಸ್ ಮೆಟ್ಟಿಲ ಮೇಲೆ ಕೂತು ಮನೆಯಿಂದ ತಂದ ಚಿತ್ರಾನ್ನ ತಿನ್ನೋದು, ಪಕ್ಕದ ಬೊಟಾನಿಕ್ ಗಾರ್ಡನ್‌ನಲ್ಲಿ ಒಂದು ಸುತ್ತು, ರೈಲಲ್ಲಿ ವಾಪಸ್.

ಮಗು ಅಳದಿದ್ರೆ ಟೌನ್ ಹಾಲ್ ಸ್ಟೇಶನ್ನಿಗೆ ಹತ್ತೋಕೆ ಮುಂಚೆ ಕ್ವೀನ್ ವಿಕ್ಟೋರಿಯಾ ಬಿಲ್ಡಿಂಗ್ ಒಳಗೆ ಹಾದು ಬರಬೇಕು ಅಂತ ನನಗೊಂದಾಸೆ. ಅದು 1898ರಲ್ಲಿ ಮಾರ್ಕೆಟ್ ಆಗಿಯೇ ತೆರೆದ ಕಟ್ಟಡ, ಗುಮ್ಮಟ, ಬಣ್ಣದ ಗಾಜು ಎಲ್ಲ ಇದೆ. ನಡುವೆ ಕೆಡವಿ ಕಾರ್ ನಿಲ್ಲಿಸೋ ಜಾಗ ಮಾಡೋಣ ಅಂತ ಮಾತಾಗಿತ್ತು. ಕೊನೆಗೆ 1980ರ ದಶಕದಲ್ಲಿ ರಿಪೇರಿ ಮಾಡಿ ಉಳಿಸಿಕೊಂಡ್ರು, ಈಗ ಒಳಗೆಲ್ಲ ದುಬಾರಿ ಅಂಗಡಿಗಳು, ತರಕಾರಿ ಮಾರೋರು ಯಾರೂ ಇಲ್ಲ. ನಮ್ಮ ರಸೆಲ್ ಮಾರ್ಕೆಟ್ 1927ರಲ್ಲಿ ಕಟ್ಟಿದ್ದು, 1933ರಲ್ಲಿ ಇಸ್ಮಾಯಿಲ್ ಸೇಠ್ ಅವರು ಉದ್ಘಾಟಿಸಿದ್ದು. ಸುಣ್ಣಬಣ್ಣ ಇದ್ದರೂ ಇಲ್ಲದಿದ್ದರೂ ಒಳಗೆ ಇವತ್ತಿಗೂ ಕೊತ್ತಂಬರಿ ಸೊಪ್ಪು ಸಿಗುತ್ತೆ. ಎರಡರಲ್ಲಿ ಯಾವುದು ಚೆನ್ನಾಗಿ ಉಳೀತು ಅಂತ ನೋಡಿ ಬಂದು ಹೇಳ್ತೀನಿ.

ಸೋಮವಾರದಿಂದ ಗುರುವಾರದ ತನಕ ಶೀಟಿನಲ್ಲಿ ಬರೆದಿರೋದು ಇಷ್ಟೇ: ಬೆಳಿಗ್ಗೆ ಹತ್ತರಿಂದ ಹನ್ನೆರಡು, ಅಕ್ಕ ಮಲಗೋದು. ಒಂದು ದಿನ ಹ್ಯಾರಿಸ್ ಪಾರ್ಕ್, ಸಾಮಾನು. ಒಂದು ದಿನ ಉಂಡೆ. ಒಂದು ದಿನ ಡಾಕ್ಟರ್ ಹತ್ತಿರ ಅವಳ ಜೊತೆ.

ಫೆರ್ರಿ ವಿಷಯ ಅಮ್ಮನಿಗೆ ಹೇಳೋಕೆ ಎರಡು ದಿನ ಬೇಕಾಯ್ತು. ಬಾಣಂತಿ, ಅದೂ ಚಳಿಗಾಲದಲ್ಲಿ, ನೀರಿನ ಮೇಲೆ, ಗಾಳಿಗೆ! ಅಮ್ಮ ಅಜ್ಜಿಯ ಹೆಸರೆಲ್ಲ ತಂದ್ರು. ನಾನು ಆ ಮೂರು ಗಂಟೆ ರಾತ್ರಿಯ ಮೆಸೇಜು ತೋರಿಸಿದೆ. ಅಮ್ಮ ಕನ್ನಡಕ ಹಾಕ್ಕೊಂಡು ಎರಡು ಸಲ ಓದಿದ್ರು. ಫೋನ್ ವಾಪಸ್ ಕೊಟ್ಟು, ಬಾಣಲೆಯಲ್ಲಿ ಉಬ್ಬುತ್ತಿದ್ದ ಅಂಟಿನ ಕಡೆ ನೋಡ್ತಾ ಅಂದ್ರು:

"ಕಿವಿಗೆ ಹತ್ತಿ ಇಟ್ಟುಕೊಳ್ಳಲಿ. ತಲೆಗೆ ಸ್ಕಾರ್ಫ್ ಕಟ್ಟಿಕೊ ಅಂತ ಹೇಳು. ಮೇಲೆ ಹೋಗಿ ನಿಲ್ಲೋದು ಬೇಡ, ಒಳಗೆ ಗಾಜಿನ ಪಕ್ಕ ಕೂತ್ಕೊಳ್ಳಿ. ಅಂಟು ತಿರುಗಿಸೋ, ಹತ್ತುತ್ತೆ."

ಆ ಮೂರೂ ಸಾಲು ಶೀಟಿಗೆ ಸೇರಿಸಿದ್ದೀನಿ.